ಕಲಶದಲ್ಲಿ ಸಿಕ್ಕಿಕೊಂಡ ಗವಂತಿ: ದೇವರ ಮನೆಯ ಪರದೆ ಎಲ್ಲಿಗೆ ಬಂತು

ಯುಗಾದಿಗೆಂದು ಹಿಡಿದು ದಸರೆಯವರೆಗೂ ಪೆಟ್ಟಿಗೆಯಲ್ಲೇ ಮಡಚಿಟ್ಟಿದ್ದ, ಎಳೆ ಎಣಿಸಿ ಹಾಕುವ ಕಸೂತಿಯ ದೇವರ ಮನೆಯ ಪರದೆಯನ್ನು ಈ ಶನಿವಾರ ಮತ್ತು ಭಾನುವಾರ ಹಠ ಹಿಡಿದು ಕೂತು ಬಹುಮಟ್ಟಿಗೆ ಮುಗಿಸಿದೆ. ಕೆಳ ಅಂಚಿನ ಮುರ್ಗಿ (ಅಂಕುಡೊಂಕಾಗಿ ಸಾಗುವ ಹೊಲಿಗೆ) ಸಾಲು ಮೊದಲೇ ಆಗಿತ್ತು. ಉಳಿದಿದ್ದುದು ಗವಂತಿಯ, ಅಂದರೆ ಹೋಗಿ ಮರಳಿ ಎರಡೂ ಬದಿ ಒಂದೇ ಬಗೆಯ ಗೆರೆ ಮೂಡಿಸುವ ಹೊಲಿಗೆಯ, 5 ಗೋಪುರಗಳು. ಬಾಗಿಲ ಪರದೆಯೆಂದ ಮೇಲೆ ಅದರ ಎರಡೂ ಬದಿ ಕಣ್ಣಿಗೆ ಬೀಳುತ್ತವೆ. ಮೆಂತಿ ಎಂಬ × ಆಕಾರದ ಹೊಲಿಗೆಯ ಹಿಂಬದಿ ಮುಂಬದಿಯಂತೆ ಕಾಣುವುದಿಲ್ಲವಾದ್ದರಿಂದ, ನನಗೆ ಅದು ಎಷ್ಟೇ ಇಷ್ಟವಿದ್ದರೂ ಈ ಸಲ ಕೈಬಿಟ್ಟೆ.

ಮೊದಲು ಬಟ್ಟೆಯ ವಿಷಯ ಹೇಳಿಬಿಡುತ್ತೇನೆ. ಅಂಗಡಿಯವರು ಚೌಕ ಸಮವಾಗಿದೆಯೆಂದು ಭರವಸೆ ಕೊಟ್ಟು ಮಾರಿದ ಮ್ಯಾಟಿ ಬಟ್ಟೆಯನ್ನು (ಎಳೆ ಎಣಿಸಲು ಸುಲಭವಾದ ಚೌಕ ನೇಯ್ಗೆಯ ಬಟ್ಟೆ) ಮನೆಯಲ್ಲಿ ಅಳೆದು ನೋಡಿದರೆ, 10 ಸೆಂಟಿಮೀಟರಿಗೆ ಅಡ್ಡಕ್ಕೆ 44 ಮನೆ (ಒಂದು ಹೊಲಿಗೆ ಹಿಡಿಸುವ ಚೌಕ), ಉದ್ದಕ್ಕೆ 40 ಮನೆ ಇದ್ದವು. ಗ್ರಾಫ್ ಹಾಳೆಯ ಮೇಲೆ ಅಂದವಾಗಿದ್ದ ಗೋಪುರ ಬಟ್ಟೆಗೆ ಇಳಿದಾಗ ಹತ್ತರಲ್ಲಿ ಒಂದು ಪಾಲು ಎತ್ತರವಾಯಿತು. ಒಂದು ಅಂತಸ್ತು ತೆಗೆದುಹಾಕಿ ಸರಿದೂಗಿಸಿದೆ. ಪಕ್ಕಾ ಬಣ್ಣವೆಂದು ಕೊಟ್ಟ ಕುಂಕುಮ ಬಣ್ಣದ ದಾರವಂತೂ ನೆನೆಹಾಕಿದ ನೀರನ್ನೆಲ್ಲ ಗುಲಾಬಿ ಮಾಡಿತು. ಬಿಳಿ ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ, ಒಗೆದು, ಒಣಗಿಸಿ ನೋಡದೆ ಯಾವ ಲಡಿಯನ್ನೂ ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಈಗ ಕಲಶದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಶನಿವಾರವನ್ನು ನುಂಗಿದ್ದು ಅದೇ. ಗವಂತಿ ಎಂಬ ಹೆಸರು ಗಂಟಿನಿಂದ ಬಂದಿದೆಯೆಂದು ಹೇಳುತ್ತಾರಾದರೂ ಕಸೂತಿಯಲ್ಲಿ ಎಲ್ಲಿಯೂ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಮನೆ ಬಟ್ಟೆಯ ಮೇಲೆ, ಒಂದು ಮನೆ ಬಟ್ಟೆಯ ಕೆಳಗೆ ಸಾಗಿದ ದಾರ, ಬರುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಹೊರಟಲ್ಲಿಗೇ ಬಂದು ಸೇರಬೇಕು. ನನ್ನ ಗೋಪುರದ ತುದಿಯಲ್ಲಿ 8 ಓರೆ ಹೊಲಿಗೆಗಳ ವಜ್ರಾಕಾರದ ಕಲಶವಿದೆ. ಎಡಗಡೆಯ ಮೆಟ್ಟಿಲುಗಳನ್ನು ಹತ್ತಿ ತುದಿಗೆ ಬಂದು, ಕಲಶವನ್ನು ಬಲದಿಂದ ಒಂದು ಸುತ್ತು ಹಾಕಿ, ಬಲಗಡೆಯ ಮೆಟ್ಟಿಲುಗಳನ್ನು ಇಳಿದು, ಅದೇ ಹಾದಿಯಲ್ಲಿ ತುಂಬುತ್ತ ಮತ್ತೆ ತುದಿಗೆ ಬಂದೆ. ಕೈ ತಾನಾಗಿಯೇ ಮತ್ತೆ ಬಲಕ್ಕೆ ತಿರುಗಿ ಕಲಶವನ್ನು ಸುತ್ತಿತು. ಸುತ್ತು ಮುಗಿದ ಮೇಲೆ ನೋಡಿದರೆ ಬಲಗಡೆಯ ಮೆಟ್ಟಿಲುಗಳೆಲ್ಲ ತುಂಬಿದ್ದವು, ಕಲಶ ಮಾತ್ರ ಬಿಟ್ಟು ಬಿಟ್ಟು ಹಾಕಿದ ಚುಕ್ಕಿಗೆರೆಯಂತೆ ಉಳಿದಿತ್ತು. ಮೇಲಿದ್ದ 4 ಹೊಲಿಗೆಗಳ ಮೇಲೆ ಮತ್ತೆ 4 ಕೂತು ದಪ್ಪವಾಗಿದ್ದವು, ಖಾಲಿಯಿದ್ದ 4 ಮನೆ ಖಾಲಿಯಾಗಿಯೇ ಇದ್ದವು.

ಎಣಿಕೆ ತಪ್ಪಿರಬೇಕೆಂದು ಬಿಚ್ಚಿದೆ. ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ತೆಗೆಯುವಷ್ಟರಲ್ಲಿ ದಾರ ಜುಂಗು ಬಂದು ಹಾಳಾಯಿತು. ಹೊಸ ದಾರದಲ್ಲಿ 2 ಎಳೆ ಪೋಣಿಸಿ, ಪ್ರತಿ ಹೊಲಿಗೆಯನ್ನು ಬಾಯಿಬಿಟ್ಟು ಎಣಿಸುತ್ತ ಹಾಕಿದರೂ ಅದೇ ಚುಕ್ಕಿಗೆರೆ ಬಂತು. ಎರಡನೆಯ ಗೋಪುರದಲ್ಲೂ ಹಾಗೆಯೇ ಆಯಿತು. ನನ್ನನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ್ದು ಇನ್ನೊಂದು ಸಂಗತಿ: ಹಿಂದಿನ ವಾರ ಅಭ್ಯಾಸದ ತುಂಡಿನಲ್ಲಿ ಕಲಶದ ಬದಲು 3 ಹೊಲಿಗೆಯ ಪುಟ್ಟ ಪತಾಕೆ ಹಾಕಿದ್ದೆ, ಅದನ್ನು ಎರಡು ಸಲವೂ ಬಲದಿಂದಲೇ ಸುತ್ತಿದ್ದೆ, ಆದರೂ ಅದು ಎರಡೂ ಬದಿಯಲ್ಲಿ ಸರಿಯಾಗಿ ತುಂಬಿತ್ತು.

ರಾತ್ರಿ ಊಟವಾದ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು, ಮೇಲಿನ ಹೊಲಿಗೆಗೆ ಕೆಂಪು, ಕೆಳಗಿನದಕ್ಕೆ ನೀಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದಾಗ ಕಾರಣ ಹೊಳೆಯಿತು. ಕಲಶದ ಸುತ್ತು 8, ಅಂದರೆ ಸಮಸಂಖ್ಯೆ. ಬಲ ಮೆಟ್ಟಿಲುಗಳನ್ನು ಇಳಿದು ಹತ್ತಿದ್ದೂ ಎಷ್ಟೇ ಉದ್ದವಿರಲಿ, ಎರಡು ಸಲ ನಡೆದ ಹಾದಿಯಾದ್ದರಿಂದ ಸಮವೇ. ಹೀಗಾಗಿ ಅದೇ ದಿಕ್ಕಿನಲ್ಲಿ ಎರಡನೆಯ ಸಲ ಹೊರಟಾಗ, ಮೊದಲು ಮೇಲೆ ಬಂದಿದ್ದ ಮನೆಗೆ ಮತ್ತೆ ಮೇಲಿನ ಹೊಲಿಗೆಯೇ ಬೀಳುತ್ತದೆ. ಪತಾಕೆಯ ಸುತ್ತು 3, ಬೆಸಸಂಖ್ಯೆ. ಅಲ್ಲಿ ಮೇಲುಕೆಳಗು ಅದಲುಬದಲಾಗುವುದರಿಂದ ಯಾವ ದಿಕ್ಕಿಗೆ ತಿರುಗಿದರೂ ತುಂಬುತ್ತದೆ. ಬಲದಿಂದ ಸುತ್ತಿದ ಕಲಶವನ್ನು ಮರಳುವಾಗ ಎಡದಿಂದ ಸುತ್ತಿದರೆ, ಸಮವಾಗಲಿ ಬೆಸವಾಗಲಿ, ಪ್ರತಿ ಮನೆಗೂ ಒಂದು ಮೇಲಿನ ಹೊಲಿಗೆ, ಒಂದು ಕೆಳಗಿನ ಹೊಲಿಗೆ ತಪ್ಪದೆ ಬರುತ್ತವೆ. ಹೀಗೆ ಎದುರು ದಿಕ್ಕಿನಲ್ಲಿ 8 ಮನೆಗಳಿಗೂ ಎರಡೆರಡು ಬಣ್ಣ ಕೂಡಿದ್ದನ್ನು ಹಾಳೆಯ ಮೇಲೆ ನೋಡಿದಾಗ ಆದ ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ಗೋಪುರಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಆರಂಭಿಸಿದೆ. ನಾಲ್ಕು ಬೆರಳಿನಷ್ಟು ದಾರದ ಬಾಲ ಬಿಟ್ಟು ಹೊರಟು, ತುದಿಯಲ್ಲಿ ಬಲಕ್ಕೆ ಹೋಗಿ, ಮರಳುವಾಗ ಎಡಕ್ಕೆ ತಿರುಗಿದೆ. ಖಾಲಿಯಿದ್ದ 4 ಮನೆಗಳು ಒಂದೊಂದಾಗಿ ಮುಚ್ಚಿ, ಎಂಟನೆಯ ಹೊಲಿಗೆಗೆ ಸೂಜಿ ಹೊರಟ ತೂತಿನಲ್ಲೇ ಬಂದು ನಿಂತಿತು. ಸಂಜೆ ಅವ್ವ ಬಂದವಳು ಮುಂಬದಿಯ ಕಡೆಗೆ ಕಣ್ಣೂ ಹಾಯಿಸದೆ ಬಟ್ಟೆಯನ್ನು ತಿರುವಿ ಹಿಂಬದಿ ನೋಡಿದಳು, ಆಮೇಲೆ ಇನ್ನೊಂದು ಸಲ ತಿರುವಿ, "ಮುಂದಿನ ಬಾಜೂ ಯಾವದವಾ?" ಎಂದು ಕೇಳಿದಳು. ಕಸೂತಿ ಹಾಕುವವರಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಗಲಾರದು.

ಈ ದಿಕ್ಕಿನ ಲೆಕ್ಕ ಸಿಕ್ಕಿದ್ದರಿಂದ ಬಹುದಿನದ ಆಸೆಯಾದ ಚಂದ್ರಕಾಳಿಗೆ (ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ) ಕೈ ಹಾಕುವ ಧೈರ್ಯ ಬಂದಿದೆ. ಕಪ್ಪು ರೇಷ್ಮೆಯ ಮೇಲೆ ಎಳೆ ಎಣಿಸುವುದು ನನ್ನ ಕಣ್ಣಿಗೆ ಆಗದ ಕೆಲಸವಾದ್ದರಿಂದ, ಜಾಳು ಬಟ್ಟೆಯೊಂದನ್ನು ಮೇಲೆ ಹೊಲಿದು, ಅದರ ಮನೆಗಳನ್ನು ಎಣಿಸಿ ಹಾಕಿ, ಕೊನೆಗೆ ಅದರ ಎಳೆಗಳನ್ನು ಎಳೆದು ತೆಗೆಯಬೇಕು. ಸೆರಗಿಗೆ ತೇರು ಬೇಕೇಬೇಕು. ತೇರಿನ ಗಾಲಿಗಳೆಲ್ಲ ಸುತ್ತುಗಳೇ ಆಗಿರುವುದರಿಂದ ಹಾಳೆಯಲ್ಲಿ ಪ್ರತಿ ಗಾಲಿಗೂ ಹೋಗುವ ದಿಕ್ಕಿಗೆ ಕೆಂಪು ಬಾಣ, ಬರುವ ದಿಕ್ಕಿಗೆ ನೀಲಿ ಬಾಣ ಈಗಲೇ ಬರೆಯಲು ಆರಂಭಿಸಿದ್ದೇನೆ.

ಪರದೆಯಲ್ಲಿ 4 ಗೋಪುರಗಳು ಆಗಿವೆ. ಐದನೆಯದರ ಬಲ ಮೆಟ್ಟಿಲಿನ ಅರ್ಧಕ್ಕೆ ಬಣ್ಣ ಬಿಡದ ಲಡಿ ಮುಗಿದುಹೋಯಿತು. ಅದೇ ಬಣ್ಣದ ಇನ್ನೊಂದು ಲಡಿಗಾಗಿ ನಾಳೆ ಬೇರೆ ಅಂಗಡಿಗೆ ಹೋಗುತ್ತೇನೆ, ಬಿಳಿ ಚಿಂದಿಯನ್ನು ಜೊತೆಗೇ ಒಯ್ಯುತ್ತೇನೆ.