ಚಿಕ್ಕಪ್ಪನ ಸಂಬಳ

ಹಸಿರು ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ಗೆ ಬಂದು ಇಳಿದಾಗ ಬೆಳಗ್ಗೆ ಹತ್ತು ಗಂಟೆ. ನಮ್ಮ ಶೆಡ್ಡಿಗೆ ಕಾಲಿಟ್ಟು ಆರು ವರ್ಷವಾಗಿತ್ತು.

ಅಪ್ಪ, ಚಿಕ್ಕಪ್ಪ ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ ಅದು. ಲೇತ್ ಮೇಲೆ ಪಂಪಿನ ಶಾಫ್ಟ್ ಮಾಡುವ ಕೆಲಸ. ಅಪ್ಪ ಹೋದ ಮೇಲೆ ಅವರ ಶೇಕಡ 35 ಷೇರು ನನ್ನ ಹೆಸರಿಗೆ ಬಂತು, ಡಿವಿಡೆಂಡ್, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಮಾತ್ರ ಒಂದು ರೂಪಾಯಿಯೂ ಬರಲಿಲ್ಲ. ಕೇಳಿದರೆ ಚಿಕ್ಕಪ್ಪ ಫೋನ್ ಇಡುತ್ತಿದ್ದರು. ಕೊನೆಗೆ ಕಂಪನಿ ವ್ಯಾಜ್ಯಗಳನ್ನು ನೋಡುವ ಟ್ರಿಬ್ಯುನಲ್ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠದಲ್ಲಿ ಅರ್ಜಿ ಹಾಕಿದೆ. ಒಬ್ಬರ ಷೇರನ್ನು ಇನ್ನೊಬ್ಬರು ಕೊಂಡುಕೊಳ್ಳಲಿ ಎಂದು ಆದೇಶ ಮಾಡುವ ಅಧಿಕಾರ 2013ರ ಕಂಪನಿ ಕಾಯ್ದೆಯ 242ನೇ ಸೆಕ್ಷನ್‌ನಲ್ಲಿ ಇದೆ.

ಕೊಳ್ಳೋದೇನೋ ಸರಿ, ಎಷ್ಟಕ್ಕೆ? ನನ್ನ ಪಾಲಿಗೆ ನಮ್ಮ ಕಡೆಯ ವರದಿ 6 ಕೋಟಿ 80 ಲಕ್ಷ ಅಂದಿತು. ಚಿಕ್ಕಪ್ಪನ ಕಡೆಯದು 1 ಕೋಟಿ 90 ಲಕ್ಷ. ಅದೇ ಕಂಪನಿ, ಅದೇ ಬ್ಯಾಲೆನ್ಸ್ ಶೀಟ್! ಅದಕ್ಕೇ ಟ್ರಿಬ್ಯುನಲ್ ತನ್ನದೇ ಒಬ್ಬ ಮೌಲ್ಯಮಾಪಕರನ್ನು ನೇಮಿಸಿತು, ಫೀಸು ಇಬ್ಬರಿಗೂ ಅರ್ಧರ್ಧ.

ಅವತ್ತು ಶೆಡ್ಡಿಗೆ ಬಂದಿದ್ದು ಅವರೇ. ಮೌಲ್ಯಮಾಪಕರನ್ನು ನೋಂದಾಯಿಸುವ ಮಂಡಳಿ ಐಬಿಬಿಐನಲ್ಲಿ ನೋಂದಣಿ ಆದವರು. ಷೇರಿಗೆ ಬೆಲೆ ಕಟ್ಟೋರು ಬೇರೆ, ಜಾಗಕ್ಕೆ ಬೇರೆ, ಯಂತ್ರಕ್ಕೆ ಬೇರೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ನೀರಿನ ಬಾಟಲಿಯನ್ನೂ ಮನೆಯಿಂದಲೇ ತಂದಿದ್ದರು, ಚಿಕ್ಕಪ್ಪನ ಕಾಫಿ ಬೇಡ ಅಂದರು. ನಾನು ಪಕ್ಕಕ್ಕೆ ಕರೆದು ಏನೋ ಹೇಳೋಕೆ ಹೋದರೆ, "ಅವರೂ ಬರಲಿ, ಇಬ್ರೂ ಇದ್ದಾಗ ಹೇಳಿ" ಅಂದುಬಿಟ್ಟರು.

ಎರಡು ವರದಿಗೂ ಯಾಕಿಷ್ಟು ಅಂತರ ಅಂದರೆ, ನಮ್ಮವರು ಜಾಗವನ್ನು ಇವತ್ತಿನ ಮಾರ್ಕೆಟ್ ರೇಟಿಗೆ ಹಿಡಿದಿದ್ದರು, ಚಿಕ್ಕಪ್ಪನ ಕಡೆಯವರು ಬರೀ ವರ್ಷದ ಲಾಭ ನೋಡಿ ಲೆಕ್ಕ ಹಾಕಿದ್ದರು, ಅದರ ಮೇಲೆ ಅಲ್ಪ ಪಾಲು, ಹಿಡಿತ ಇಲ್ಲ ಅಂತ ಇನ್ನಷ್ಟು ಕಡಿತ. ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಇನ್ನೂ ಕೊಂಡ ಕಾಲದ ಬೆಲೆಗೇ ಕೂತಿತ್ತು ಅನ್ನೋದು ಬೇರೆ ಮಾತು. ಆ ಕಡಿತ ಸರೀನಾ ಸರ್ ಅಂತ ಮೌಲ್ಯಮಾಪಕರನ್ನು ಕೇಳಿದೆ. "ಅದನ್ನ ಹೇಳೋದು ಪೀಠದ ಕೆಲಸ. ನಾನು ಕಡಿತ ಹಾಕಿ ಒಂದು, ಹಾಕದೆ ಒಂದು ಲೆಕ್ಕ ಕೊಡ್ತೀನಿ." ಯಾವ ದಿನದ ಬೆಲೆ, ಅರ್ಜಿ ಹಾಕಿದ ದಿನದ್ದೋ ಇವತ್ತಿನದೋ ಅನ್ನೋದಕ್ಕೂ ಅದೇ ಉತ್ತರ.

ಮಧ್ಯಾಹ್ನ ಲೆಡ್ಜರ್ ತೆಗೆದರು. ನಾನು ಕಾದಿದ್ದು ಇದಕ್ಕೇ. ಚಿಕ್ಕಪ್ಪನ ಮಗಳ ಕಾರಿನ ಇಎಂಐ, ಪೆಟ್ರೋಲು ಎಲ್ಲಾ ಕಂಪನಿ ಖರ್ಚಿನಲ್ಲಿತ್ತು, ವರ್ಷಕ್ಕೆ 5 ಲಕ್ಷ. ತೋರಿಸಿದೆ. ತಲೆ ಎತ್ತದೆ ಅದನ್ನು ಲಾಭಕ್ಕೆ ಸೇರಿಸಿಕೊಂಡರು. ಗೆದ್ದೆ ಅಂದುಕೊಂಡೆ.

ಆಮೇಲೆ ಸಂಬಳದ ಪುಟ ತಿರುಗಿಸಿ, "ನಿಮ್ಮ ಸಂಬಳ 40 ಸಾವಿರಾನಾ?" ಅಂತ ಚಿಕ್ಕಪ್ಪನನ್ನು ಕೇಳಿದರು.

"ಹೌದು ಸರ್."

"ಈ ಶೆಡ್ ನಡೆಸೋಕೆ ಹೊರಗಿನವರನ್ನ ಇಟ್ಕೊಂಡ್ರೆ ತಿಂಗಳಿಗೆ 2 ಲಕ್ಷಕ್ಕೆ ಕಮ್ಮಿ ಯಾರೂ ಬರಲ್ಲ. ಲಾಭದಿಂದ ಆ ವ್ಯತ್ಯಾಸಾನ ಕಳೀಬೇಕಾಗತ್ತೆ."

ವರ್ಷಕ್ಕೆ 19 ಲಕ್ಷ 20 ಸಾವಿರ. ಕಾರಿನ 5 ಲಕ್ಷ ಸೇರಿಸಿದರೂ ಲಾಭ 14 ಲಕ್ಷದಷ್ಟು ಕೆಳಗಿಳಿಯಿತು. ಲಾಭದ ಐದು ಪಟ್ಟು ಹಿಡಿದರೆ ಕಂಪನಿಯ ಬೆಲೆಯಲ್ಲಿ 71 ಲಕ್ಷ, ನನ್ನ ಪಾಲಿನಲ್ಲಿ ಸುಮಾರು 25 ಲಕ್ಷ ಕಮ್ಮಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಒತ್ತಿ ನೋಡಿದೆ.

"ಯಾಕೆ ಇಷ್ಟು ಕಮ್ಮಿ ತಗೋತೀರಿ?" ಅಂತ ಅವರು ಕೇಳಿದ್ದು ಬಹುಶಃ ವರದಿಗಲ್ಲ, ಸುಮ್ನೆ.

"ಅಣ್ಣ ಇದ್ದಾಗ ಇಬ್ರೂ ಅಷ್ಟೇ ತಗೋತಿದ್ವಿ ಸರ್. ಅವನು ಹೋದ್ಮೇಲೆ ನಂದು ಮಾತ್ರ ಹೇಗೆ ಜಾಸ್ತಿ ಮಾಡ್ಕೊಳ್ಲಿ?" ಅಂದವರು ನನ್ನ ಕಡೆ ನೋಡದೆ ಲೇತ್ ಕಡೆ ಹೋದರು. ಡಿವಿಡೆಂಡ್ ಕೊಡದೇ ಇದ್ದಿದ್ದು ತಪ್ಪೇ, ಈಗಲೂ ಹಾಗೇ ಅನ್ನಿಸುತ್ತೆ. ಆದರೆ ನಾನು ಪಾಲು ಕೇಳುತ್ತಿದ್ದ ಲಾಭದಲ್ಲಿ ಈ ಮನುಷ್ಯನ ಸಂಬಳವೂ ಸೇರಿತ್ತು ಅಂತ ನಮ್ಮ ಕಡೆಯ ವರದಿ ಹೇಳಿರಲಿಲ್ಲ.

ಮೂರು ತಿಂಗಳಿಗೆ ವರದಿ ಬಂತು. ಆಕ್ಷೇಪಣೆ ಹಾಕೋಣ, ಬೇಕಾದರೆ ಮೌಲ್ಯಮಾಪಕರನ್ನು ಪಾಟೀಸವಾಲಿಗೂ ಕರೆಯೋಣ ಅಂದರು ನಮ್ಮ ವಕೀಲರು. ಅವರ ಪಟ್ಟಿಯಲ್ಲಿ ಮೊದಲನೆಯದೇ ಸಂಬಳದ ವಿಷಯ.

"ಅದೊಂದು ಬಿಡಿ ಸರ್. ಜಾಗದ್ದು ಹಾಕಿ."

"25 ಲಕ್ಷ ಕಣ್ರೀ."

"ಗೊತ್ತು," ಅಂದೆ.