ಮೆಟ್ಟಿಲ ಕೆಳಗಿನ ತೆಂಗಿನ ಸಸಿ

ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ, ಹಳೆಯ ಪೇಂಟ್ ಡಬ್ಬದಲ್ಲಿ ಒಂದು ತೆಂಗಿನ ಸಸಿ ಇದೆ. ಯುಗಾದಿಗೆ ತಿಪಟೂರಿಗೆ ಹೋದವರು ವಾಪಸು ಬರುವಾಗ ಇವರು ಮೊಳಕೆ ಬಂದ ಕಾಯಿಯೊಂದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದರು. "ಎಲ್ಲಿ ನೆಡುತ್ತೀರಿ?" ಎಂದರೆ "ನಮ್ಮ ಮನೆಯಲ್ಲಿ" ಎಂದರು. ಆಗ ನಮಗೆ ಮನೆ ಇರಲಿಲ್ಲ, ಮನೆಯ ಜಗಳ ಮಾತ್ರ ಇತ್ತು.

ನನಗೆ ಫ್ಲ್ಯಾಟ್ ಬೇಕು, ಅದೂ ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗುವಷ್ಟು ಹತ್ತಿರ. ನನ್ನ ಕೆಲಸ ವಿಧಾನಸೌಧದ ಬಳಿ, ಇವರ ಕಾರ್ಖಾನೆ ಪೀಣ್ಯದಲ್ಲಿ. ನಾಗಸಂದ್ರದ ಆಸುಪಾಸಿನಲ್ಲಿ ಮನೆಯಾದರೆ ಇಬ್ಬರಿಗೂ ಅನುಕೂಲ ಎಂಬುದು ನನ್ನ ವಾದ. ಆದರೆ 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಹೋದದ್ದೇ ತಡ, ಇವರ ಆಸೆ ಅಲ್ಲಿಂದಲೂ ಮುಂದಕ್ಕೆ ಓಡಿತು. "ಮಾದಾವರದಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷ. ಮೂವತ್ತು ನಲವತ್ತರ ನಿವೇಶನ, ಸ್ವಂತ ಮನೆ, ಹಿತ್ತಲಲ್ಲಿ ಒಂದಿಷ್ಟು ಮಣ್ಣು." ಆ ಹದಿನೈದು ನಿಮಿಷವನ್ನು ರಾತ್ರಿ ಎಂಟರ ಮೇಲೆ ಒಬ್ಬಳೇ ದಾಟಬೇಕಾದವಳು ನಾನು. ಅದು ಇವರ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಕೊನೆಗೆ ಒಂದು ಭಾನುವಾರ ಎರಡನ್ನೂ ನೋಡಿಬಿಡುವುದೆಂದು ಹೊರಟೆವು.

ಬೆಳಿಗ್ಗೆ ಫ್ಲ್ಯಾಟ್. ಮೂರನೆಯ ಮಹಡಿ, ಎರಡು ಕೋಣೆ. ದಲ್ಲಾಳಿ 1,180 ಚದರ ಅಡಿ ಎಂದ. ಇವರು ಜೇಬಿನಿಂದ ಕಾರ್ಖಾನೆಯ ಸ್ಟೀಲ್ ಟೇಪ್ ತೆಗೆದರು. ನಾನು ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದೆ. ಕೋಣೆಯಿಂದ ಕೋಣೆಗೆ, ಬಾಲ್ಕನಿಗೆ, ಬಚ್ಚಲಿಗೆ. ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಕೂಡಿಸಿ ನೋಡಿದರೆ 842. "ಉಳಿದ 338 ಅಡಿ ಎಲ್ಲಿದೆ, ತೋರಿಸಪ್ಪ" ಎಂದರು. ಅವನು "ಸೂಪರ್ ಬಿಲ್ಟಪ್ ಸರ್" ಎಂದು ಲಿಫ್ಟ್, ಮೆಟ್ಟಿಲು, ಕಾವಲುಗಾರನ ಕೋಣೆಯ ಕಡೆಗೆಲ್ಲ ಕೈ ಬೀಸಿದ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಹೊಸ ಕಟ್ಟಡಗಳವರು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸುವ ಜಾಗ, ಹೇಳಲೇಬೇಕು. ಕೈ ಬದಲಾಗುವ ಹಳೆಯ ಫ್ಲ್ಯಾಟುಗಳ ದಲ್ಲಾಳಿಗಳ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಅಳತೆಯೇ. ಇಳಿಯುವಾಗ ಇವರು ಲಿಫ್ಟಿನೊಳಗೂ ಟೇಪ್ ಬಿಚ್ಚಿದರು. ನಾನು ಬಾಗಿಲ ಕಡೆ ಮುಖ ಮಾಡಿ ನಿಂತೆ. ಆದರೂ ನನ್ನ ಮನಸ್ಸು ಆ ಅಡುಗೆಮನೆಯಲ್ಲೇ ಇತ್ತು. ಪೂರ್ವದ ಕಿಟಕಿಯ ಬಿಸಿಲು ನೇರವಾಗಿ ಒಲೆಕಟ್ಟೆಯ ಮೇಲೆ ಬೀಳುತ್ತಿತ್ತು.

ಮಧ್ಯಾಹ್ನ ಇವರ ಆಯ್ಕೆಯ ಮನೆ. ಬಾಗಿಲು ತೆರೆದದ್ದು ಒಬ್ಬರೇ ಇರುವ ಅಜ್ಜಿ. ಮಜ್ಜಿಗೆ ಕೊಟ್ಟು ಹಿತ್ತಲಿಗೆ ಕರೆದುಕೊಂಡು ಹೋದರು. ಒಗೆಯುವ ಕಲ್ಲು, ಕರಿಬೇವು, ದಾಸವಾಳ, ಮೂಲೆಯಲ್ಲಿ ಅಗೆದುಬಿಟ್ಟ ಕೆಮ್ಮಣ್ಣು. ಇವರು ಚಪ್ಪಲಿ ಬಿಟ್ಟು ಆ ಮಣ್ಣಿನ ಮೇಲೆ ಹೋಗಿ ನಿಂತರು. ಟೇಪ್ ಜೇಬಿನಲ್ಲೇ ಉಳಿಯಿತು. "ಯಾಕಜ್ಜಿ ಮಾರುತ್ತಿದ್ದೀರಿ?" ಎಂದು ಕೇಳಿದೆ. "ಮಗ ಹುಬ್ಬಳ್ಳಿಗೆ ಕರೆಯುತ್ತಾನೆ. ನನಗೂ ಟ್ಯಾಂಕರಿನವನಿಗೆ ಫೋನು ಮಾಡಿ ಮಾಡಿ ಸಾಕಾಯಿತಮ್ಮ."

ಸೀರೆ ಅಂಗಡಿಯ ಚೀಲದಿಂದ ಕಾಗದಪತ್ರ ಹೊರಬಂತು. ಅದರಲ್ಲಿ ನಮೂನೆ 11ಬಿ ಇರುತ್ತದೆಂದು ನನಗೆ ಗೊತ್ತಿತ್ತು. ದಲ್ಲಾಳಿ ನಾಲ್ಕು ದಿನ ಮೊದಲೇ ಅದರ ಫೋಟೊವನ್ನು ನನ್ನ ಮೊಬೈಲಿಗೆ ಕಳುಹಿಸಿದ್ದ, ನಾನು ಬ್ಯಾಂಕಿಗೆ ಹೋಗಿ ವಿಚಾರಿಸಿದ್ದೆ. ಭೂಪರಿವರ್ತನೆ, ನಕ್ಷೆಯ ಅನುಮೋದನೆ ಎಲ್ಲ ಸರಿಯಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುತ್ತವೆ, ಇಲ್ಲದಿದ್ದರೆ 11ಬಿ. ಅದಕ್ಕೆ ಸಾಲ ಕೊಡುವುದಿಲ್ಲವೆಂದು ಬ್ಯಾಂಕಿನವರು ಖಡಾಖಂಡಿತವಾಗಿ ಹೇಳಿದ್ದರು. ಇವರಿಗೆ ಹೇಳಿರಲಿಲ್ಲ. ರಾತ್ರಿ ಎಂಟರ ರಸ್ತೆಯ ಭಯವನ್ನು ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳದವರು ಮೊಹರು ಬಿದ್ದ ಕಾಗದಕ್ಕಾದರೂ ಬಗ್ಗಲಿ ಎಂಬ ಹಟ ನನ್ನದು.

ಹಿತ್ತಲಲ್ಲಿ ನಿಂತವರಿಗೆ ಹೇಳಲು ಬಾಯಿ ಬರಲಿಲ್ಲ. ಮಾದಾವರ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಹೇಳಿದೆ.

"ನಿನಗೆ ಯಾವಾಗ ಗೊತ್ತಾಯಿತು?"

"ಬುಧವಾರ."

"ಮತ್ತೆ ಇಷ್ಟು ದೂರ ಯಾಕೆ ಬಂದೆವು?"

ರೈಲು ಬಂತು. ಖಾಲಿ ಸೀಟುಗಳಿದ್ದರೂ ಇವರು ನಿಂತೇ ಬಂದರು. ಗದರಿದ್ದರೆ ನಾನೂ ಎಂಟು ಗಂಟೆಯ ಕಥೆ ತೆಗೆಯುತ್ತಿದ್ದೆ. ಗದರಲಿಲ್ಲ. ದಾಸರಹಳ್ಳಿ ದಾಟಿದ ಮೇಲೆ ನಾನೇ ತೆಗೆದೆ, ಮೆಲ್ಲಗೆ. "ಭಯವಾಗುತ್ತದೆ ಎಂದರೆ ನೀವು ಸ್ಕೂಟರಿನ ಲೆಕ್ಕ ಹೇಳುತ್ತೀರಿ." ಬಹಳ ಹೊತ್ತಿನ ಮೇಲೆ "ಹೂಂ" ಎಂದರು. ಅದು ಒಪ್ಪಿಗೆಯೋ ಸುಸ್ತೋ ಇವತ್ತಿಗೂ ತಿಳಿದಿಲ್ಲ.

ಫ್ಲ್ಯಾಟಿಗೆ ಮುಂಗಡ ಕೊಟ್ಟೆವು. ಬ್ಯಾಂಕು ಕೊಡುವುದು ನೂರಕ್ಕೆ ಎಂಬತ್ತು. ಉಳಿದದ್ದಕ್ಕೂ ಮುದ್ರಾಂಕ ಶುಲ್ಕ, ನೋಂದಣಿಗೂ ನನ್ನ ಎರಡು ಬಳೆ, ಇವರ ಭವಿಷ್ಯನಿಧಿ. ತಮಗೆ ಬೇಡದ ಮನೆಗೆ ಇವರೇ ಕಚೇರಿಯಿಂದ ಕಚೇರಿಗೆ ಅಲೆದು ಋಣಭಾರ ಪತ್ರ ತೆಗೆಸಿದರು.

ಕಳೆದ ವಾರ ನಾನು ಫ್ಲ್ಯಾಟಿನ ಸಂಘದ ಕಾರ್ಯದರ್ಶಿಯನ್ನು ಕಂಡು, ಕಾಂಪೌಂಡಿನ ಮೂಲೆಯಲ್ಲಿ ಒಂದು ತೆಂಗಿನ ಸಸಿ ನೆಡಬಹುದೇ ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಕಾಯಿ ಯಾರದಾದರೂ ಕಾರಿನ ಮೇಲೆ ಬಿದ್ದರೆ ಯಾರು ಹೊಣೆ, ಮೇಡಂ?"

ಮನೆಗೆ ಬಂದು ಇವರಿಗೆ ಹೇಳಿದೆ. "ಕಾಯಿ ಬಿಡುವುದಕ್ಕೆ ಇನ್ನೂ ಆರೇಳು ವರ್ಷ ಬೇಕು, ಅಷ್ಟರಲ್ಲಿ ಕಾರ್ಯದರ್ಶಿ ಬದಲಾಗುತ್ತಾರೆ" ಎಂದು ಹೇಳಿ, ಚೊಂಬು ಹಿಡಿದು ಮೆಟ್ಟಿಲ ಕೆಳಗೆ ಹೋದರು.