ನೆಲಕ್ಕೆ ಇನ್ನೆಷ್ಟು ಗೇಣು: ಬಗ್ಗದ ಮೈಯ ಯೋಗದ ಲೆಕ್ಕ

ಯುಗಾದಿ ಹೊತ್ತಿಗೆ

ಮೊದಲು ಅಳತೆ ಬರೆದಿಡುತ್ತೇನೆ. ಮಂಡಿ ನೇರ ಇಟ್ಟು ಮುಂದಕ್ಕೆ ಬಗ್ಗಿದರೆ ನನ್ನ ಬೆರಳ ತುದಿ ಮಂಡಿಯಿಂದ ನಾಲ್ಕು ಬೆರಳು ಕೆಳಗೆ ನಿಲ್ಲುತ್ತದೆ. ಅಲ್ಲಿಂದ ನೆಲ ಇನ್ನೂ ಹತ್ತಿರಹತ್ತಿರ ಎರಡು ಗೇಣು. ಚಕ್ಕಳಮಕ್ಕಳ ಹಾಕಿ ಕೂತರೆ ಎರಡೂ ಮಂಡಿ ಸೊಂಟಕ್ಕಿಂತ ಮೇಲೆ ಇರುತ್ತವೆ, ಬೆನ್ನು ಹಿಂದಕ್ಕೆ ಬೀಳುತ್ತದೆ. ಕುಕ್ಕರಗಾಲಲ್ಲಿ ಕೂರಲು ಹೋದರೆ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಗೋಡೆ ಹಿಡಿಯದೆ ಕೂರಲು ಆಗುವುದಿಲ್ಲ.

ವಯಸ್ಸು ನಲವತ್ತು ದಾಟಿದೆ. ಕೆಲಸ ಲೆಕ್ಕಪತ್ರದ್ದು. ಮಾರ್ಚ್ ಎಂಡಿಂಗ್ ಬಂತೆಂದರೆ ಬೆಳಗ್ಗೆಯಿಂದ ರಾತ್ರಿವರೆಗೂ ಕುರ್ಚಿ. ಈ ಸಲ ಆ ಗಲಾಟೆ ಮುಗಿಯುತ್ತಿದ್ದ ಹಾಗೆ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುವ ಸಂಜೆ ಕ್ಲಾಸಿಗೆ ಸೇರಿದೆ. ನನ್ನಂತೆಯೇ ಮೈ ಗಟ್ಟಿ ಇರುವವರು ಎಷ್ಟೋ ಜನ ಇದ್ದಾರೆ. ಯೋಗ ಮಾಡಬೇಕು ಅಂತ ಆಸೆ ಇರುತ್ತದೆ. ‘ನನ್ನ ಮೈ ಬಗ್ಗೋದೇ ಇಲ್ಲ, ನನಗೆಲ್ಲಿಯ ಯೋಗ’ ಅಂತ ಸುಮ್ನೆ ಕೂರುತ್ತಾರೆ. ಈ ಲೆಕ್ಕ ಬರೆಯುತ್ತಿರುವುದು ಅವರಿಗೋಸ್ಕರ.

ಮೊದಲ ದಿನ ಮೇಡಂ ಎಲ್ಲರನ್ನೂ ಒಂದೊಂದು ಸಲ ಬಗ್ಗಿಸಿ ನೋಡಿದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ: ಕೈ ನೆಲಕ್ಕೆ ಎಟುಕದಿದ್ದರೆ ಮರದ ಇಟ್ಟಿಗೆ ಇಟ್ಟುಕೊಳ್ಳಿ, ಕಾಲು ನೇರ ಆಗದಿದ್ದರೆ ಮಂಡಿ ಮಡಿಸಿ, ಬೆನ್ನು ಮಾತ್ರ ಗೂನು ಮಾಡಬೇಡಿ. ಅಂದಿನಿಂದ ನನ್ನ ಅಭ್ಯಾಸವೆಲ್ಲ ಈ ಮೂರು ಮಾತಿನ ಮೇಲೆಯೇ ನಡೆಯುತ್ತಿದೆ.

ಬೇಸಿಗೆ: ಬೆನ್ನಲ್ಲ, ತೊಡೆಯ ಹಿಂಭಾಗ

ಬಗ್ಗಲು ಆಗದಿರುವುದಕ್ಕೆ ಬೆನ್ನೇ ಕಾರಣ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ವಿಷಯದಲ್ಲಿ ಹಾಗಲ್ಲ. ತೊಡೆಯ ಹಿಂದೆ ಮೂರು ಸ್ನಾಯುಗಳಿವೆ. ಸೇರಿಸಿ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರೆ. ನಾವು ಕೂತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ಅಲ್ಲಿಂದ ಶುರುವಾಗಿ ಮಂಡಿ ದಾಟಿ ಮೊಳಕಾಲ ಕೆಳಗಿನ ಮೂಳೆಗೆ ಅಂಟಿಕೊಳ್ಳುತ್ತವೆ. ಇವು ಬಿಗಿಯಾಗಿದ್ದರೆ ಕಾಲು ಚಾಚಿ ಕೂತ ತಕ್ಷಣ ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆಯುತ್ತವೆ. ಸೊಂಟ ಹಿಂದಕ್ಕೆ ಹೋದರೆ ಬೆನ್ನು ತಾನೇ ಗೂನಾಗುತ್ತದೆ. ಆ ಸ್ಥಿತಿಯಲ್ಲಿ ಹಠ ಮಾಡಿ ಬಗ್ಗಿದರೆ ತೊಡೆಗೆ ಏನೂ ಆಗುವುದಿಲ್ಲ. ಭಾರವೆಲ್ಲ ಬೆನ್ನಿನ ಕೆಳಭಾಗಕ್ಕೆ ಬೀಳುತ್ತದೆ.

ಇದಕ್ಕೆ ಉಪಾಯ ಮನೆಯಲ್ಲೇ ಇತ್ತು. ಹಳೆಯ ಜಮಖಾನ. ಅದನ್ನು ಮಡಿಸಿ ಮಡಿಸಿ ಸುಮಾರು ನಾಲ್ಕು ಇಂಚು ಎತ್ತರ ಮಾಡಿ, ಅದರ ಅಂಚಿನ ಮೇಲೆ ಕೂತು ಕಾಲು ಚಾಚಿದೆ. ಕೂರುವ ಮೂಳೆ ಮಾತ್ರ ಜಮಖಾನದ ಮೇಲೆ, ತೊಡೆ ಕೆಳಗೆ ಇಳಿಜಾರಾಗಿ. ಸೊಂಟ ಮುಂದಕ್ಕೆ ವಾಲಿತು. ಯಾರೂ ಹಿಡಿಯದೆ ಬೆನ್ನು ನೇರ ನಿಂತಿತು. ಮಂಡಿ ಸ್ವಲ್ಪ ಮಡಿಸಿ ಹೊಟ್ಟೆಯನ್ನು ತೊಡೆಯ ಕಡೆಗೆ ತಂದೆ. ಪಶ್ಚಿಮೋತ್ತಾನಾಸನ ಅಂದರೆ ಹಣೆ ಮಂಡಿಗೆ ಮುಟ್ಟಿಸುವುದು ಅಂತ ಫೋಟೋ ನೋಡಿ ತಿಳಿದುಕೊಂಡಿರುತ್ತೇವೆ. ಶುರು ಮಾಡುವವರಿಗೆ ಅದು ಸೊಂಟದಿಂದ ಬಗ್ಗುವುದನ್ನು ಕಲಿಯುವ ಪಾಠ. ಹಣೆ ಎಲ್ಲಿದೆ ಅನ್ನುವುದು ಆಮೇಲಿನ ಮಾತು.

ಸಾಮಾನಿಗೆ ಜಾಸ್ತಿ ಖರ್ಚು ಮಾಡಿಲ್ಲ. ಜಾರದ ಮ್ಯಾಟ್ ಒಂದು ತಂದೆ. ಇಟ್ಟಿಗೆಯನ್ನು ನಮ್ಮ ಬೀದಿಯ ಬಡಗಿ ಹತ್ತಿರ ಹಲಸಿನ ತುಂಡಿನಲ್ಲಿ ಮಾಡಿಸಿದೆ. 9 ಇಂಚು ಉದ್ದ, 4.5 ಇಂಚು ಅಗಲ, 3 ಇಂಚು ದಪ್ಪ. ಅಂಚುಗಳನ್ನು ಚೆನ್ನಾಗಿ ಉಜ್ಜಿಸಬೇಕು, ಇಲ್ಲದಿದ್ದರೆ ಅಂಗೈಗೆ ಚುಚ್ಚುತ್ತದೆ. ನಿಲ್ಲಿಸಿದರೆ ಒಂದು ಎತ್ತರ, ಪಕ್ಕಕ್ಕೆ ಇಟ್ಟರೆ ಇನ್ನೊಂದು, ಮಲಗಿಸಿದರೆ ಮತ್ತೊಂದು. ಕಾಲಗಲಿಸಿ ನಿಂತು ಪಕ್ಕಕ್ಕೆ ಬಗ್ಗುವ ತ್ರಿಕೋಣಾಸನದಲ್ಲಿ ಅದನ್ನು ನಿಲ್ಲಿಸಿ ಕೈ ಇಟ್ಟ ದಿನ ಎದೆ ತೆರೆದುಕೊಂಡಿತು, ಉಸಿರು ಸಲೀಸಾಗಿ ಆಡಿತು. ಅಲ್ಲಿಯವರೆಗೂ ಕೈ ಕೆಳಗಿಳಿಸಲು ಹೋಗಿ ಎದೆ ನೆಲದ ಕಡೆ ತಿರುಗಿಬಿಡುತ್ತಿತ್ತು.

ಬೆಲ್ಟಿನ ಬದಲು ಹಳೆ ಪಂಚೆ ಸಾಕು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕೊಟ್ಟಿರುವುದು ಈ ಆಸನವೇ. ಹೆಸರು ಸುಪ್ತ ಪಾದಾಂಗುಷ್ಠಾಸನ. ಬೆನ್ನ ಮೇಲೆ ಮಲಗಬೇಕು. ಪಂಚೆಯನ್ನು ಉದ್ದಕ್ಕೆ ಪಟ್ಟಿಯಂತೆ ಮಡಿಸಿ ಬಲ ಅಂಗಾಲಿಗೆ ಹಾಕಿ ಎರಡೂ ತುದಿ ಹಿಡಿದು ಕಾಲು ಮೇಲಕ್ಕೆತ್ತಬೇಕು. ಎಡಗಾಲು ನೆಲಕ್ಕೆ ಒತ್ತಿರಬೇಕು. ಅದು ಕಷ್ಟವಾದರೆ ಮಡಿಸಿ ಪಾದ ಊರಿಕೊಳ್ಳಬಹುದು. ನೆಲವೇ ಬೆನ್ನನ್ನು ಹಿಡಿದಿರುವುದರಿಂದ ಬೆನ್ನು ಗೂನಾಗುವ ಭಯವಿಲ್ಲ. ಎಳೆತವೆಲ್ಲ ತೊಡೆಗೇ.

ಕಾಲೆತ್ತಿದ ಹೊಸದರಲ್ಲಿ ತೊಡೆ ನಡುಗುತ್ತದೆ. ಹಲ್ಲು ಕಚ್ಚಿಕೊಂಡಿರುತ್ತೇವೆ, ಭುಜ ಕಿವಿಯ ಹತ್ತಿರ ಬಂದಿರುತ್ತದೆ. ಅಲ್ಲೇ ನಿಲ್ಲಬೇಕು. ಪಂಚೆ ಇನ್ನಷ್ಟು ಎಳೆಯಬಾರದು. ಮೂಗಿನಿಂದ ನಿಧಾನವಾಗಿ ಉಸಿರು ಬಿಡಬೇಕು. ಮೂರನೆಯದೋ ನಾಲ್ಕನೆಯದೋ ಉಸಿರು ಬಿಡುವಾಗ ತೊಡೆಯ ಮಧ್ಯದಲ್ಲಿ ಏನೋ ಸಡಿಲವಾಗುತ್ತದೆ. ಕಾಲು ತಾನಾಗಿಯೇ ಅರ್ಧ ಬೆರಳು ಹತ್ತಿರ ಬರುತ್ತದೆ. ಆ ಕ್ಷಣ ನನಗೆ ಬಹಳ ಇಷ್ಟ. ದಿನವೂ ಅದಕ್ಕಾಗಿ ಕಾಯುತ್ತೇನೆ.

ಹಾಗೆ ಆಗುವುದಕ್ಕೆ ಕಾರಣ ಇದೆ. ಸ್ನಾಯು ಎಷ್ಟು ಜೋರಾಗಿ ಎಳೆಯಲ್ಪಡುತ್ತಿದೆ ಅಂತ ಗಮನಿಸುವ ಎಳೆಗಳು ಅದರೊಳಗೇ ಇರುತ್ತವೆ. ಥಟ್ಟನೆ ಎಳೆದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ಶಾಲೆಯ ಡ್ರಿಲ್‌ನಲ್ಲಿ ಒಂದು, ಎರಡು ಅಂತ ಜಗ್ಗಿ ಜಗ್ಗಿ ಕಾಲ್ಬೆರಳು ಮುಟ್ಟಿಸುತ್ತಿದ್ದರಲ್ಲ, ಗಟ್ಟಿ ಮೈಯವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನಿಧಾನವಾಗಿ ಹೋಗಿ ಅರ್ಧ ನಿಮಿಷ ನಿಂತರೆ ಆ ಬಿಗಿ ಇಳಿಯುತ್ತದೆ. ಮೊದಲ ವಾರಗಳಲ್ಲಿ ಸ್ನಾಯು ಉದ್ದವಾಗಿಬಿಡುವುದೂ ಇಲ್ಲ. ಎಳೆತವನ್ನು ತಾಳುವ ಶಕ್ತಿ ನರಗಳಿಗೆ ಬರುತ್ತದೆ, ಅದರಿಂದಲೇ ಇನ್ನಷ್ಟು ದೂರ ಹೋಗಲು ಆಗುತ್ತದೆ. ಇದು ತಿಳಿದ ಮೇಲೆ ನನ್ನ ಅವಸರ ಕಮ್ಮಿಯಾಯಿತು.

ಒಂದು ಎಚ್ಚರಿಕೆ. ಎಳೆತ ತೊಡೆಯ ಮಧ್ಯದಲ್ಲಿ ಇರಬೇಕು. ಮಂಡಿಯ ಹಿಂದೆ ಚುರುಕ್ ಅಂದರೆ, ಇಲ್ಲವೇ ಕೂರುವ ಮೂಳೆಯ ಹತ್ತಿರವೇ ನೋವಾದರೆ, ತಕ್ಷಣ ಸಡಿಲ ಬಿಡಬೇಕು. ಅವೆರಡೂ ಸ್ನಾಯು ಮೂಳೆಗೆ ಅಂಟುವ ಜಾಗಗಳು. ಅಲ್ಲಿ ಏಟಾದರೆ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆನ್ನಿನ ಡಿಸ್ಕ್ ತೊಂದರೆ, ಬಿಪಿ, ಗ್ಲಾಕೋಮಾ (ಕಣ್ಣಿನ ನರದ ಕಾಯಿಲೆ) ಇರುವವರು ಡಾಕ್ಟರನ್ನು ಕೇಳಿಕೊಂಡೇ ತಲೆ ಕೆಳಗೆ ಬರುವ ಭಂಗಿಗಳಿಗೆ ಹೋಗಬೇಕು.

ಆಷಾಢ

ಅಳತೆ: ಬೆರಳ ತುದಿ ಈಗ ಕಾಲಿನ ಗಿಣ್ಣಿನ ಮೇಲೆ. ನೆಲಕ್ಕೆ ಅರ್ಧ ಗೇಣು.

ಸಮಯದ ಬಗ್ಗೆ. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಮಾಡಬೇಕು, ಸಂಜೆ ಮಾಡಿದರೆ ಫಲ ಇಲ್ಲ ಅಂತ ಹೇಳುವವರಿದ್ದಾರೆ. ಬೆಳಗಿನ ಹೊತ್ತು ಶಾಂತವಾಗಿರುತ್ತದೆ, ಒಪ್ಪುತ್ತೇನೆ. ಆದರೆ ರಾತ್ರಿ ಮಲಗಿದಾಗ ಬೆನ್ನೆಲುಬಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಕೂಡಲೇ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಗಟ್ಟಿ ಮೈಯವರಿಗೆ ಸಂಜೆಯೇ ಒಳ್ಳೆಯದು ಅನ್ನುವುದು ನನ್ನ ಅನುಭವ. ದಿನವೆಲ್ಲ ಓಡಾಡಿ ಮೈ ಬೆಚ್ಚಗಾಗಿರುತ್ತದೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು, ಅಷ್ಟೇ. ಬೆಳಗ್ಗೆ ಮಾಡಲೇಬೇಕು ಅನ್ನುವವರು ಮೊದಲು ಸ್ವಲ್ಪ ನಡೆದಾಡಲಿ, ನಿಂತು ಮಾಡುವ ಆಸನ ಮುಗಿಸಲಿ, ಬಗ್ಗುವುದು ಕೊನೆಗಿರಲಿ.

ಒಂದು ಭಾನುವಾರ ಬೆಳ್ಳೂರಿಗೆ ಹೋಗಿ ಬಂದೆ. ನಾಗಮಂಗಲ ಕಡೆಯ ಬೆಳ್ಳೂರು ಕ್ರಾಸ್ ಅಲ್ಲ, ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ಹತ್ತಿರದ ಬೆಳ್ಳೂರು. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ ಊರು. ಅವರ ಹೆಸರಿನ ಮೊದಲ ಅಕ್ಷರವೇ ಈ ಊರು. ಯೋಗಸೂತ್ರದ ಪತಂಜಲಿಗೆ ಅಲ್ಲೊಂದು ಗುಡಿ ಇದೆ. ಮನೆಗೆ ಇಷ್ಟು ಹತ್ತಿರ ಇದ್ದರೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಅವರ ಬಾಲ್ಯದ ಕಥೆಯನ್ನು ಗಟ್ಟಿ ಮೈಯವರೆಲ್ಲ ತಿಳಿದುಕೊಳ್ಳಬೇಕು. ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಊರೂರನ್ನೇ ಮಲಗಿಸಿದ್ದ ವರ್ಷ. ಆಮೇಲೆ ಮಲೇರಿಯಾ, ಟೈಫಾಯಿಡ್, ಕ್ಷಯ. ಕೈಕಾಲು ಕಡ್ಡಿ. 1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಅವರನ್ನು ಮೈಸೂರಿಗೆ ಕರೆಸಿಕೊಂಡರು. ಕೃಷ್ಣಮಾಚಾರ್ಯರು ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅಲ್ಲಿಗೆ ಬಂದಾಗ ಹುಡುಗನ ಮೈ ಬಗ್ಗುತ್ತಲೇ ಇರಲಿಲ್ಲ. ಅದೇ ಹುಡುಗ 1937ರಲ್ಲಿ ಕಲಿಸಲು ಪುಣೆಗೆ ಹೋದರು. 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಊರಾಯಿತು.

ಮರದ ಇಟ್ಟಿಗೆ, ಬೆಲ್ಟ್, ಕುರ್ಚಿ, ಗೋಡೆಯ ಹಗ್ಗ, ದಿಂಬು ಇವನ್ನೆಲ್ಲ ಆಸನಕ್ಕೆ ಬಳಸುವುದನ್ನು ಎಲ್ಲೆಡೆ ರೂಢಿಗೆ ತಂದವರು ಅವರೇ. ಕಾಯಿಲೆಯವರೂ ವಯಸ್ಸಾದವರೂ ಆಸನ ಮಾಡಲು ಆಗಬೇಕು ಅನ್ನುವುದು ಅವರ ಯೋಚನೆ. ಬಗ್ಗದ ಮೈಯ ಕಷ್ಟ ಸ್ವಂತವಾಗಿ ಗೊತ್ತಿದ್ದವರಿಗೇ ಇದು ಹೊಳೆಯಲು ಸಾಧ್ಯ ಅಂತ ನನಗೆ ಅನಿಸುತ್ತದೆ. ಇಟ್ಟಿಗೆ ಇಟ್ಟುಕೊಂಡರೆ ಅದು ಅರ್ಧ ಯೋಗ, ಅಭ್ಯಾಸ ಆದ ಮೇಲೆ ಬಿಟ್ಟುಬಿಡಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡಕ ಹಾಕಿ ಓದಿದರೆ ಅದು ಅರ್ಧ ಓದಾಗುತ್ತದೆಯೇ?

ಗಣೇಶನ ಹಬ್ಬ ಕಳೆದ ಮೇಲೆ

ಪದ್ಮಾಸನ ಕೈಬಿಟ್ಟಿದ್ದೇನೆ. ತೊಡೆಯ ಮೂಳೆಯ ತುದಿ ಸೊಂಟದ ಗುಂಡಿಯಲ್ಲಿ ಕೂತಿರುತ್ತದೆ. ಆ ಗುಂಡಿಯ ಆಳ, ಅದು ಯಾವ ಕಡೆ ಮುಖ ಮಾಡಿದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಪದ್ಮಾಸನಕ್ಕೆ ಬೇಕಾದ ತಿರುವು ಸೊಂಟದಿಂದಲೇ ಬರಬೇಕು. ಅಲ್ಲಿ ಮೂಳೆಗೆ ಮೂಳೆ ತಾಗಿದರೆ ಎಷ್ಟು ವರ್ಷ ಎಳೆದರೂ ಪ್ರಯೋಜನವಿಲ್ಲ. ಆಮೇಲೂ ಕಾಲು ಮೇಲಕ್ಕೆ ಎಳೆದರೆ ಮಂಡಿ ತಿರುಚಿಕೊಳ್ಳುತ್ತದೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ಅಂಥ ತಿರುವನ್ನು ಅದು ತಾಳುವುದಿಲ್ಲ. ಕ್ಲಾಸಿಗೆ ಬರುವ ಹುಡುಗನೊಬ್ಬ ಮೊದಲ ವಾರವೇ ಸಲೀಸಾಗಿ ಪದ್ಮಾಸನ ಹಾಕಿದ. ಅವನ ಮೂಳೆ ಹಾಗಿದೆ, ನನ್ನದು ಹೀಗಿದೆ. ನಾನು ಜಮಖಾನದ ಮೇಲೆ, ಕಾಲು ಅಡ್ಡ ಮಡಿಸಿ ಕೂರುವ ಸ್ವಸ್ತಿಕಾಸನದಲ್ಲಿ ಕೂರುತ್ತೇನೆ. ಪತಂಜಲಿ ಆಸನಕ್ಕೆ ಹೇಳಿದ್ದು ‘ಸ್ಥಿರಸುಖಮಾಸನಂ’ ಅಂತ, ಅಲ್ವಾ? ಅಲುಗಾಡದೆ, ಹಿತವಾಗಿ ಕೂರುವುದು. ಜಮಖಾನದ ಮೇಲೆ ನನಗೆ ಅದು ಸಿಗುತ್ತದೆ.

ಬಾಕಿಯವು ಬೇಗ ಹೇಳಿಬಿಡುತ್ತೇನೆ. ವೃಕ್ಷಾಸನ ಗೋಡೆಯ ಪಕ್ಕದಲ್ಲಿ. ಭುಜಂಗಾಸನ, ಸೇತುಬಂಧಾಸನ ಮೊದಲಿನಿಂದಲೂ ಕಷ್ಟ ಕೊಡಲಿಲ್ಲ. ಅಂಗೈ, ಪಾದ ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಈಗಲೂ ಮಂಡಿ ಮಡಿಸಿಯೇ ಇರುತ್ತೇನೆ, ಬೆನ್ನು ಉದ್ದವಾಗಿರಲಿ ಅಂತ. ಕುಕ್ಕರಗಾಲಲ್ಲಿ ಕೂರುವ ಮಾಲಾಸನದಲ್ಲಿ ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್. ಹಿಂದೆ ಟವೆಲ್ಲನ್ನು ಎರಡು ಸುತ್ತು ಸುತ್ತುತ್ತಿದ್ದೆ, ಈಗ ಒಂದು ಮಡಿಕೆ ಸಾಕು. ಹಳ್ಳಿಯಲ್ಲಿ ನಮ್ಮ ಅಜ್ಜಿ ಎಂಬತ್ತರಲ್ಲೂ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಅವರು ಆ ಅಭ್ಯಾಸ ಬಿಡಲಿಲ್ಲ, ಕಾಲಿನ ಗಿಣ್ಣು ಬಿಗಿಯಲಿಲ್ಲ. ನಾವು ಕುರ್ಚಿಗೆ, ಕಮೋಡಿಗೆ ಹೋದ ಮೇಲೆ ಗಿಣ್ಣಿಗೆ ಅಷ್ಟು ಮಡಚುವ ಕೆಲಸವೇ ಇಲ್ಲದಂತಾಗಿದೆ.

ದಸರಾ

ಅಳತೆ: ಮೈ ಬೆಚ್ಚಗಾದ ಮೇಲೆ ಬೆರಳ ತುದಿ ನೆಲ ಮುಟ್ಟುತ್ತದೆ. ಅಂಗೈ ಇಡಲು ಆಗುವುದಿಲ್ಲ. ಆಫೀಸಿನಿಂದ ಬಂದ ಕೂಡಲೇ ಬಗ್ಗಿದರೆ ನೆಲ ಮೂರು ಬೆರಳು ದೂರ. ಎರಡು ದಿನ ಬಿಟ್ಟರೆ ಅದು ಐದು ಬೆರಳಾಗುತ್ತದೆ. ಮತ್ತೆ ಎರಡು ಸಂಜೆಯಲ್ಲಿ ವಾಪಸ್ ಬರುತ್ತದೆ.

ಇದಕ್ಕಿಂತ ಖುಷಿ ಕೊಟ್ಟದ್ದು ಬೇರೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮಣೆಯ ಮೇಲೆ ಕೂತವನು ಐದೂ ಅಧ್ಯಾಯ ಮುಗಿದು ಮಂಗಳಾರತಿ ಆಗುವವರೆಗೂ ಕಾಲು ಚಾಚಲಿಲ್ಲ. ಹಿಂದಿನ ವರ್ಷಗಳಲ್ಲಿ ಎರಡನೇ ಅಧ್ಯಾಯಕ್ಕೇ ಕಾಲು ಜೋಮು ಹಿಡಿಯುತ್ತಿತ್ತು. ಊಟಕ್ಕೂ ಪಂಕ್ತಿಯಲ್ಲಿ ನೆಲದ ಮೇಲೆಯೇ ಕೂತೆ. ಗೋಡೆ ಪಕ್ಕದ ಕುರ್ಚಿ ಬೇಕಾಗಲಿಲ್ಲ. ಆಫೀಸಿನಲ್ಲಿ ಕೆಳಗಿನ ಕಪಾಟಿನ ಫೈಲ್ ತೆಗೆಯಲು ಈಗ ಕುಕ್ಕರಗಾಲಲ್ಲಿ ಕೂತು ಎದ್ದು ಬರುತ್ತೇನೆ.

ಮುಂದಿನ ಕೆಲಸ ಭುಜ. ಗೋಮುಖಾಸನದಲ್ಲಿ ಒಂದು ಕೈ ಮೇಲಿನಿಂದ, ಒಂದು ಕೈ ಕೆಳಗಿನಿಂದ ತಂದು ಬೆನ್ನ ಹಿಂದೆ ಬೆರಳು ಕೊಂಡಿ ಹಾಕಬೇಕು. ಬಲಗೈ ಮೇಲಿದ್ದಾಗ ಬೆರಳುಗಳ ನಡುವೆ ಒಂದು ಚೋಟು ಅಂತರ, ಎಡಗೈ ಮೇಲಿದ್ದಾಗ ಒಂದು ಗೇಣಿಗಿಂತ ಜಾಸ್ತಿ. ಮೌಸ್ ಹಿಡಿಯುವ ಬಲಭುಜವೇ ಕೆಳಗಿನಿಂದ ಬರಲು ಒಪ್ಪುತ್ತಿಲ್ಲ. ಅದೇ ಪಂಚೆಯನ್ನು ಮೇಲಿನ ಕೈಯಿಂದ ಇಳಿಬಿಟ್ಟು, ಕೆಳಗಿನ ಕೈಯಿಂದ ಹಿಡಿದು, ಬೆರಳು ಬೆರಳಾಗಿ ಮೇಲೆ ಹತ್ತುತ್ತಿದ್ದೇನೆ. ಸಂಕ್ರಾಂತಿ ಹೊತ್ತಿಗೆ ಎರಡೂ ಕಡೆಯ ಅಳತೆ ಬರೆಯುತ್ತೇನೆ.